ಕಾವೇರಿಗಾಗಿ ಕೂಗಿದ ಗೆಳೆಯರೇ, ಡೋಣಿಯ ಹೆಸರು ಕೇಳಿದ್ದೀರಾ?

ಒಂದು ಸಣ್ಣ ಪರೀಕ್ಷೆ. ಕರ್ನಾಟಕದ ನಕ್ಷೆ ಮುಂದಿಟ್ಟುಕೊಳ್ಳಿ. ಕಾವೇರಿ ಎಲ್ಲಿ ಹುಟ್ಟುತ್ತದೆ? ತಲಕಾವೇರಿ ಅಂತ ಥಟ್ಟನೆ ಹೇಳುತ್ತೀರಿ. ಸಂತೋಷ. ತುಂಗಭದ್ರೆ? ಅದನ್ನೂ ಹೇಳುತ್ತೀರಿ. ಈಗ ಹೇಳಿ, ಡೋಣಿ ಎಲ್ಲಿದೆ?

ದೋಣಿ ಅಲ್ಲ ಸ್ವಾಮಿ, ಡೋಣಿ! ನೀರಿನ ಮೇಲೆ ತೇಲುವುದಲ್ಲ, ನೀರೇ ಆಗಿ ಹರಿಯುವುದು. ತಿಕೋಟಾ, ಬಬಲೇಶ್ವರ ಸೀಮೆಯ ಕರಿನೆಲ ಸೀಳಿಕೊಂಡು, ವಿಜಯಪುರ ಜಿಲ್ಲೆಯ ನಡುಮಧ್ಯೆ ಹಾದು, ತಾಳಿಕೋಟೆಯ ಆಚೆ ಕೃಷ್ಣೆಗೆ ಬೀಳುವ ಹೊಳೆ. ಬೆಂಗಳೂರಿನ ನೂರು ಹುಡುಗರನ್ನು ಕೇಳಿ ನೋಡಿ, ಹೆಸರು ಕೇಳಿದವರು ನಾಲ್ವರು ಸಿಕ್ಕರೆ ಪುಣ್ಯ. ಆ ನಾಲ್ವರೂ ವಿಜಯಪುರದ ಕಡೆಯವರೇ ಆಗಿರುತ್ತಾರೆ!

1991ರಲ್ಲಿ ಕಾವೇರಿ ಮಧ್ಯಂತರ ತೀರ್ಪು ಬಂದಾಗ ಬೀದಿಗಿಳಿದಿದ್ದೇವೆ. 2016ರಲ್ಲಿ ಮತ್ತೆ ಇಳಿದಿದ್ದೇವೆ. ತಪ್ಪಲ್ಲ. ಆದರೆ ನಮ್ಮ ನದಿಪ್ರೇಮಕ್ಕೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಕೋರ್ಟು ಬಾಯಿ ತೆರೆದಾಗ ನಮಗೆ ನದಿ ನೆನಪಾಗುತ್ತದೆ, ಕೋರ್ಟು ಸುಮ್ಮನಾದರೆ ನದಿಯೂ ಮರೆತುಹೋಗುತ್ತದೆ. ನಮ್ಮ ಪಾಲಿಗೆ ನದಿ ಎಂದರೆ ಟಿಎಂಸಿ ಲೆಕ್ಕ, ಅಣೆಕಟ್ಟಿನ ಗೇಟು, ಮಂತ್ರಿಗಳ ಬಾಗಿನ. ನದಿ ಎಂದರೆ ಮೊದಲು ಮಳೆ, ಆಮೇಲೆ ನೆಲ ಅನ್ನುವ ಸರಳ ಸತ್ಯ ನಮಗೆ ಬೇಕಾಗಿಲ್ಲ. ಮಳೆ ಎಲ್ಲಿ ಬೀಳುತ್ತದೆ, ಯಾವಾಗ ಬೀಳುತ್ತದೆ, ಬಿದ್ದ ನೀರನ್ನು ನೆಲ ಕುಡಿಯುತ್ತದೋ ಉಗುಳುತ್ತದೋ, ಇಳಿಜಾರು ಯಾವ ಕಡೆಗಿದೆ: ನದಿಯ ಹಣೆಬರಹ ಬರೆಯುವುದು ಇವು. ಇದನ್ನು ತಿಳಿಯದೆ ನದಿಗಾಗಿ ಹೋರಾಡುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಸ್ತಿ ಆಡಿದ ಹಾಗೆ. ಎದುರಾಳಿಗೂ ಏಟು ಬೀಳುವುದಿಲ್ಲ, ನಮ್ಮ ಮೂಗೇ ಒಡೆಯುತ್ತದೆ.

ಒಂದೇ ಮೋಡ, ಎರಡು ನ್ಯಾಯ

"ವಿಜಯಪುರವಾ? ಬರಗಾಲದ ಜಿಲ್ಲೆ ಬಿಡಿ, ದೇವರೇ ಕಣ್ಣುಬಿಡಬೇಕು" ಎಂದು ನಿಟ್ಟುಸಿರು ಬಿಡುವ ಮಹಾಶಯರು ವಿಧಾನಸೌಧದಲ್ಲೂ ಇದ್ದಾರೆ, ನಮ್ಮ ನಿಮ್ಮ ಗೆಳೆಯರ ಬಳಗದಲ್ಲೂ ಇದ್ದಾರೆ. ದೇವರನ್ನು ಯಾಕೆ ಎಳೆಯುತ್ತೀರಿ? ಇದು ಬೆಟ್ಟದ ಕೆಲಸ.

ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರು ಮೋಡ ಸಹ್ಯಾದ್ರಿಯ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಗೋಡೆ ಹತ್ತಬೇಕು. ಹತ್ತಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ತೇವ ಹೊರುವ ಶಕ್ತಿ ಕಡಿಮೆ. ಹೊತ್ತುಕೊಂಡು ಬಂದದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟ ದಾಟಿ ಈಚೆ ಇಳಿದ ಗಾಳಿ ಬಿಸಿಯಾಗುತ್ತದೆ, ಒಣಗುತ್ತದೆ. ಮಹಾಬಳೇಶ್ವರದಿಂದ ವಿಜಯಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್. ಅಷ್ಟರಲ್ಲಿ ಮಳೆ ಹತ್ತನೇ ಒಂದು ಪಾಲಿಗೆ ಇಳಿದುಬಿಡುತ್ತದೆ. ಗೋಲಗುಮ್ಮಟದ ಊರಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಮುಟ್ಟುವುದೇ ಕಷ್ಟ. ಭೂಗೋಳದ ಮೇಷ್ಟರು ಇದಕ್ಕೆ ಮಳೆನೆರಳು ಅನ್ನುತ್ತಾರೆ. ತಿಕೋಟಾದ ರೈತ ಏನೂ ಅನ್ನುವುದಿಲ್ಲ. ಮೃಗಶಿರದಲ್ಲಿ ಮುಗಿಲು ನೋಡುತ್ತಾನೆ, ಮೋಡ ತಲೆ ಮೇಲೇ ಓಡುತ್ತಿರುತ್ತದೆ, ಹನಿ ಮಾತ್ರ ಬೀಳುವುದಿಲ್ಲ.

ಈಗ ಈ ಜಿಲ್ಲೆಯ ವಿಚಿತ್ರ ನೋಡಿ. ದಕ್ಷಿಣದ ಅಂಚಿಗೆ ಕೃಷ್ಣೆ, ಉತ್ತರದ ಅಂಚಿಗೆ ಭೀಮೆ. ಎರಡೂ ತುಂಬಿ ಹರಿಯುವ ಹೊಳೆಗಳು. ಎರಡರ ನೀರೂ ಹೆಚ್ಚಾಗಿ ಇಲ್ಲಿಯದಲ್ಲ! ಎಲ್ಲೋ ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆ, ಕೊಯ್ನಾ, ವಾರಣಾ, ಪಂಚಗಂಗೆಯರ ಕೈಹಿಡಿದು ಕೃಷ್ಣೆಯಾಗಿ ಬರುತ್ತದೆ. ಭೀಮೆ ಭೀಮಾಶಂಕರದಿಂದ ಬರುತ್ತಾಳೆ. ವಿಜಯಪುರದಲ್ಲಿ ಒಂದು ಹನಿ ಬೀಳದ ಆಗಸ್ಟ್‌ನಲ್ಲೂ ಕೃಷ್ಣೆ ಉಕ್ಕಿ ಹರಿಯಬಲ್ಲಳು. 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಅಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಗೆ ಹೋಯಿತು. ಹೊಳೆದಂಡೆಯ ಊರು ಮುಳುಗುತ್ತಿದ್ದ ಅದೇ ಕಾಲದಲ್ಲಿ ಹೊಳೆಯಿಂದ ದೂರದ ಮಡ್ಡಿ ಊರುಗಳ ಜನ ಮುಗಿಲು ನೋಡುತ್ತಿದ್ದರು.

ಅಂದರೆ ಕೃಷ್ಣೆ ನಮ್ಮ ಮನೆ ಮುಂದೆ ಹಾದು ಹೋಗುವ ಶ್ರೀಮಂತರ ಮೆರವಣಿಗೆ. ನಮ್ಮ ಮನೆ ಮಗಳು ಯಾರು? ಡೋಣಿ.

ಕರಿನೆಲದ ಹೊಳೆ

ಡೋಣಿ ಹುಟ್ಟುವುದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ. ನಕ್ಷೆಯಲ್ಲಿ ಅದು ಮಹಾರಾಷ್ಟ್ರ, ಮನೆಮಾತಿನಲ್ಲಿ ಕನ್ನಡದ ಸೀಮೆ. ಈ ಹೊಳೆಗೆ ಘಟ್ಟದ ಬೆಂಬಲವಿಲ್ಲ, ಹಿಮದ ಆಸರೆಯಿಲ್ಲ. ಇಲ್ಲಿ ಬಿದ್ದ ಮಳೆಯೇ ಇದರ ಆಸ್ತಿ. ಆದ್ದರಿಂದ ಕೃಷ್ಣೆಗೂ ಡೋಣಿಗೂ ಒಂದೇ ಪಂಚಾಂಗ ಅಲ್ಲ. ಕೃಷ್ಣೆ ಉಕ್ಕುವುದು ಜುಲೈ, ಆಗಸ್ಟ್‌ನಲ್ಲಿ. ಡೋಣಿ ಉಕ್ಕುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಯಾಕೆಂದರೆ ವಿಜಯಪುರಕ್ಕೆ ಅತಿ ಹೆಚ್ಚು ಮಳೆ ಕೊಡುವ ತಿಂಗಳು ಸೆಪ್ಟೆಂಬರ್. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಪಡುವಣಕ್ಕೆ ಸರಿದಾಗ ಬೀಳುವ ಉತ್ತರಿ ಮಳೆ, ಹಸ್ತದ ಮಳೆ. ಈ ಮಳೆಗಳ ಮೇಲೇ ನಮ್ಮ ಹಿಂಗಾರಿ ಬಿಳಿಜೋಳ ನಿಂತಿದೆ, ನೀವು ಖಾನಾವಳಿಯಲ್ಲಿ ಎಣ್ಣಿಗಾಯಿ ಜೊತೆ ಮುರಿದು ತಿನ್ನುವ ರೊಟ್ಟಿ ನಿಂತಿದೆ.

ಇನ್ನು ನೆಲ. ಇಲ್ಲಿಯ ಬುಡ ಬಸಾಲ್ಟ್ ಕಲ್ಲು, ನಮ್ಮ ಜನರ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಭೂಮಿ ಬಾಯಿಬಿಟ್ಟು ಉಗುಳಿದ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿದ್ದು. ಅದು ಸವೆದು ಸವೆದು ಆದದ್ದೇ ಎರಿ ಮಣ್ಣು. ಈ ಮಣ್ಣಿನ ಸ್ವಭಾವ ಗೊತ್ತಿಲ್ಲದವನಿಗೆ ಡೋಣಿಯ ಸ್ವಭಾವ ಎಂದಿಗೂ ಗೊತ್ತಾಗುವುದಿಲ್ಲ.

ಬೇಸಿಗೆಯಲ್ಲಿ ಎರಿ ಹೊಲ ಬಿರಿಯುತ್ತದೆ. ಎತ್ತಿನ ಗೊರಸು ಸಿಕ್ಕಿಕೊಳ್ಳುವಷ್ಟು ಬಿರುಕು. ಮೊದಲ ಮಳೆಯನ್ನು ಆ ಬಿರುಕುಗಳು ಗಟಗಟ ಕುಡಿಯುತ್ತವೆ, ಹೊಳೆಗೆ ಹನಿಯೂ ಹೋಗುವುದಿಲ್ಲ. ಆಮೇಲೆ ಮಣ್ಣು ನೀರು ಹೀರಿ ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಮೇಲೆ ಅದೇ ಹೊಲ ಮೇಣ ಬಳಿದ ತಟ್ಟೆ. ನೀರು ಒಳಗಿಳಿಯುವುದು ಬಹಳ ನಿಧಾನ. ಆಗ ಎರಡು ತಾಸು ಜೋರು ಮಳೆ ಹೊಡೆದರೆ ಸಾಕು, ಹೊಲದ ನೀರು ಹಳ್ಳಕ್ಕೆ, ಹಳ್ಳದ ನೀರು ಡೋಣಿಗೆ, ಕೆಂಪು ಕಪ್ಪು ಬೆರೆತ ರಾಡಿ ಭರ್ರನೆ ನುಗ್ಗುತ್ತದೆ. ಬೆಳಗ್ಗೆ ಚಪ್ಪಲಿ ಒದ್ದೆಯಾಗದಂತೆ ದಾಟಿದ ಹೊಳೆಯನ್ನು ಸಂಜೆ ಬಸ್ಸು ದಾಟಲಾಗುವುದಿಲ್ಲ. ಬಬಲೇಶ್ವರ ತಾಲೂಕಿನ ಸಾರವಾಡದ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ರಾಡಿ ಬರೀ ನೀರಲ್ಲ. ಹೊಲದ ಮೇಲ್ಮಣ್ಣು ಅದು. ವರ್ಷ ವರ್ಷವೂ ಕೊಚ್ಚಿ ಬಂದ ಮಣ್ಣು ಡೋಣಿಯ ಪಾತ್ರದಲ್ಲಿ ಕೂತಿದೆ. ಇಳಿಜಾರು ಕಡಿಮೆಯಾದ ಕಡೆ ನೀರಿಗೆ ಅದನ್ನು ಮುಂದೆ ನೂಕುವ ತಾಕತ್ತಿಲ್ಲ. ಅದರ ಮೇಲೆ ಬಳ್ಳಾರಿ ಜಾಲಿ ಬೆಳೆದು ಹೊಳೆಗೆ ಉರುಳು ಹಾಕಿದೆ. ಹೊಳೆಯ ಹೊಟ್ಟೆ ತುಂಬಿಹೋದರೆ ಅದು ಏನು ಮಾಡಬೇಕು? ಪಕ್ಕದ ಹೊಲಕ್ಕೆ ನುಗ್ಗುತ್ತದೆ. ನುಗ್ಗಿ ಇನ್ನಷ್ಟು ಮಣ್ಣು ತರುತ್ತದೆ.

"ಹೊಳಿದೇನೂ ತಪ್ಪಿಲ್ಲ ತಮ್ಮಾ, ಅದರ ಹೊಟ್ಟಿ ತುಂಬ ಇರೂದು ನಮ್ಮ ಹೊಲಾನ ಐತಿ" ಎಂದು ಸೇತುವೆಯ ಮೇಲೆ ನಿಂತ ಮುದುಕಪ್ಪನೊಬ್ಬ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ದಪ್ಪ ದಪ್ಪ ವರದಿ ಬರೆಯುವವರು ನೂರು ಪುಟದಲ್ಲಿ ಹೇಳುವುದನ್ನು ಆತ ಒಂದು ಉಸಿರಿನಲ್ಲಿ ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಡೋಣಿ ಹರಿದರೆ ಓಣಿಯೆಲ್ಲ ಕಾಳು ಅನ್ನುವ ಅರ್ಥದ ಗಾದೆ ಈ ಸೀಮೆಯಲ್ಲಿದೆ. ಊರಿಂದೂರಿಗೆ ಮಾತು ಸ್ವಲ್ಪ ಬದಲಾಗುತ್ತದೆ, ಅರ್ಥ ಬದಲಾಗುವುದಿಲ್ಲ. ಹರಿದರೆ ಉಣ್ಣುವವರಿಗಿಂತ ಜೋಳ ಹೆಚ್ಚು, ಹರಿಯದಿದ್ದರೆ ಉಣ್ಣಲು ಜನವೇ ಉಳಿಯುವುದಿಲ್ಲ. 1876ರಿಂದ 78ರವರೆಗಿನ ಮಹಾಬರದಲ್ಲಿ ಈ ಎರಡನೆಯ ಮಾತೂ ನಿಜವಾಯಿತು. ಆಗ ಕಲಾದಗಿ ಜಿಲ್ಲೆ ಎನ್ನಿಸಿಕೊಂಡಿದ್ದ ಈ ಸೀಮೆ ಮಸಣವಾಯಿತು.

2009ರಲ್ಲಿ ಇನ್ನೊಂದು ಪಾಠ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಜನ ಬರ ಎಂದು ಕೂತಿದ್ದರು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಮುಗಿಲು ಹರಿದು ಬಿತ್ತು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಬರದ ಜಿಲ್ಲೆಗೇ ನೆರೆ! ಪಟ್ಟಣದವರು ಬೆರಗಾದರು. ಬೆರಗಾಗಲು ಏನಿದೆ? ಬರ ಮತ್ತು ನೆರೆ ಈ ನೆಲದಲ್ಲಿ ಅಣ್ಣತಮ್ಮಂದಿರು. ವರ್ಷದ ಮಳೆ ಕೆಲವೇ ದಿನಗಳಲ್ಲಿ ಬೀಳುವ ಊರಲ್ಲಿ, ನೀರು ನಿಲ್ಲಿಸುವ ಕೆರೆ ಒಡ್ಡು ಇಲ್ಲದಿದ್ದರೆ, ಅಕ್ಟೋಬರ್‌ನಲ್ಲಿ ಮುಳುಗಿದವನೇ ಏಪ್ರಿಲ್‌ನಲ್ಲಿ ಕೊಡ ಹಿಡಿದು ಟ್ಯಾಂಕರ್ ಮುಂದೆ ನಿಲ್ಲುತ್ತಾನೆ.

ಸಾಂಗಲಿಯ ನೆರೆಗೆ ಅಲಮಟ್ಟಿಯ ಮೇಲೆ ಗೂಬೆ!

ನೆಲದ ಲೆಕ್ಕ ತಿಳಿಯದಿದ್ದರೆ ನಮ್ಮ ಮೇಲೆ ಯಾರು ಬೇಕಾದರೂ ಗೂಬೆ ಕೂರಿಸಬಹುದು. ಅದೇ ನಡೆಯುತ್ತಿದೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಲಮಟ್ಟಿಗೆ ಅಡಿಗಲ್ಲು ಹಾಕಿದರು. ಆ ಅಣೆಕಟ್ಟು ರಾಷ್ಟ್ರಕ್ಕೆ ಅರ್ಪಣೆಯಾದದ್ದು 2006ರಲ್ಲಿ! ನಲವತ್ತೆರಡು ವರ್ಷ. 2000ದಲ್ಲಿ ಸುಪ್ರೀಂ ಕೋರ್ಟು ನೀರಿನ ಮಟ್ಟ 519.60 ಮೀಟರಿಗೆ ನಿಲ್ಲಲಿ ಎಂದಿತು. 2010ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು, 2013ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆದರೆ ತೀರ್ಪಿನ ಅಧಿಸೂಚನೆ ಕೋರ್ಟಿನ ಮೆಟ್ಟಿಲಲ್ಲಿ ಸಿಕ್ಕಿಕೊಂಡು ಒಂದು ದಶಕವೇ ದಾಟಿಹೋಯಿತು.

ಈ ನಡುವೆ 2005, 2019, 2021ರಲ್ಲಿ ಸಾಂಗಲಿ ಕೊಲ್ಹಾಪುರ ಸೀಮೆಗೆ ಭೀಕರ ನೆರೆ. "ಅಲಮಟ್ಟಿಯ ಹಿನ್ನೀರೇ ನಮ್ಮನ್ನು ಮುಳುಗಿಸಿತು" ಎಂಬ ಕೂಗು. 2025ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಅವರು ಎತ್ತರ ಹೆಚ್ಚಿಸಬೇಡಿ ಎಂದು ಪತ್ರವನ್ನೇ ಬರೆದರು.

ಸಾಂಗಲಿಯ ಜನ ನಮ್ಮ ವೈರಿಗಳಲ್ಲ. ಅವರ ಮನೆ ಮುಳುಗಿದ್ದು ನಿಜ, ಕಣ್ಣೀರು ನಿಜ. ಕಾರಣ ಮಾತ್ರ ಸುಳ್ಳು. ನೆಲ ನೋಡಿ. ಗಗನಬಾವಡಾ, ಕೊಯ್ನಾ ಕಡೆಯ ಕಡಿದಾದ ಬೆಟ್ಟದಿಂದ ಧುಮುಕಿ ಬರುವ ಹೊಳೆಗಳು ಥಟ್ಟನೆ ಮಟ್ಟಸವಾದ ಬಯಲಿಗೆ ಬೀಳುತ್ತವೆ. ಸಾಂಗಲಿಯ ಮಗ್ಗುಲಲ್ಲೇ ವಾರಣಾ ಕೃಷ್ಣೆಗೆ ಸೇರುತ್ತಾಳೆ. ಸ್ವಲ್ಪ ಕೆಳಗೆ ನರಸೋಬಾವಾಡಿಯಲ್ಲಿ ಪಂಚಗಂಗೆ ಸೇರುತ್ತಾಳೆ. ಓಡಿ ಬಂದ ನೀರು ಬಯಲಲ್ಲಿ ನಡಿಗೆ ನಿಧಾನಿಸುತ್ತದೆ, ಹಿಂದಿನದು ನೂಕುತ್ತದೆ, ಒಂದು ಹೊಳೆಯ ನೆರೆ ಇನ್ನೊಂದರ ಬಾಯಿ ಕಟ್ಟುತ್ತದೆ. ಅದರ ಮೇಲೆ ಹೊಳೆಯ ಪಾತ್ರದಲ್ಲೇ ಮನೆ, ಗೋದಾಮು, ಬಡಾವಣೆ! ಅಲಮಟ್ಟಿ ಇರುವುದು ಇಲ್ಲಿಂದ 200 ಕಿಲೋಮೀಟರಿಗೂ ಆಚೆ, ಅದರ ಪೂರ್ಣ ಮಟ್ಟ 519.60 ಮೀಟರ್. ಸಾಂಗಲಿ ಊರಿನ ನೆಲ 550 ಮೀಟರಿನ ಆಸುಪಾಸು. ಇದು ನಮ್ಮ ಮಾತಷ್ಟೇ ಅಲ್ಲ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡ್ನೇರೆ ಸಮಿತಿ 2020ರಲ್ಲಿ ವರದಿ ಕೊಟ್ಟು, ನೆರೆಗೆ ಅಲಮಟ್ಟಿ ಕಾರಣವಲ್ಲ ಎಂದಿತು. ಅವರ ಸಮಿತಿ, ಅವರ ಎಂಜಿನಿಯರು, ಅವರದೇ ವರದಿ! ಅದನ್ನು ಕಪಾಟಿನಲ್ಲಿಟ್ಟು ಪತ್ರ ಬರೆಯುತ್ತಾರೆ.

ಮತ್ತೊಂದು ಕೇಳಿ. ಕೊಯ್ನಾ ಅಣೆಕಟ್ಟಿನಲ್ಲಿ ನಿಂತ ಕೃಷ್ಣಾ ಕಣಿವೆಯ ನೀರನ್ನು ಬೆಟ್ಟ ಕೊರೆದು ಪಡುವಣಕ್ಕೆ ಬೀಳಿಸಿ ವಿದ್ಯುತ್ ತೆಗೆಯುತ್ತಾರೆ. ವಾಶಿಷ್ಠಿ ಹೊಳೆಯ ಮೂಲಕ ಅದು ಅರಬ್ಬೀ ಸಮುದ್ರಕ್ಕೆ. ಬಚಾವತ್ ನ್ಯಾಯಮಂಡಳಿ ಇದಕ್ಕೆ ವರ್ಷಕ್ಕೆ 67.5 ಟಿಎಂಸಿ ಅನುಮತಿ ಕೊಟ್ಟಿತು. ಬೆಟ್ಟದ ಪೂರ್ವದ ಮಗ್ಗುಲಿಗೆ ಬಿದ್ದ ಮಳೆ, ಇಳಿಜಾರಿನ ನ್ಯಾಯದ ಪ್ರಕಾರ ನಮ್ಮ ಕಡೆ ಹರಿಯಬೇಕಾದ ನೀರು. ಅದರಲ್ಲೊಂದು ಪಾಲು ಪಡುವಣದ ಸಮುದ್ರ ಸೇರುತ್ತದೆ. ಪಡುವಣಕ್ಕೆ ತಿರುಗಿಸುವಾಗ ಯಾರಿಗೂ ನೆಲದ ನೆನಪಾಗಲಿಲ್ಲ!

ಟಿಎಂಸಿ ಎಂದರೆ ಮಳೆಯ ಲೆಕ್ಕವೇ

1976ರ ಬಚಾವತ್ ತೀರ್ಪಿನಲ್ಲಿ ಕೃಷ್ಣೆಯ ನೀರು 2,060 ಟಿಎಂಸಿ ಎಂದು ಹಿಡಿದು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿದರು. ಈ 2,060 ಎಲ್ಲಿಂದ ಬಂತು ಗೊತ್ತೇ? 1894-95ರಿಂದ 1971-72ರವರೆಗೆ 78 ವರ್ಷಗಳ ಹರಿವಿನ ಲೆಕ್ಕ ತೆಗೆದು, ನೂರು ವರ್ಷದಲ್ಲಿ 75 ವರ್ಷ ಇಷ್ಟಾದರೂ ಸಿಕ್ಕೀತು ಎಂಬ ಅಂದಾಜು. ಎರಡನೇ ನ್ಯಾಯಮಂಡಳಿ 47 ವರ್ಷಗಳ ಲೆಕ್ಕ ಹಿಡಿದು, ನೂರಕ್ಕೆ 65 ವರ್ಷ ಎಂಬ ಅಳತೆಗೋಲು ತಂದಿತು. ಕರ್ನಾಟಕದ ಪಾಲು 2013ರಲ್ಲಿ 907 ಟಿಎಂಸಿ ಎಂದಾಯಿತು. ಮಳೆ ಅಳೆದವನ ದಾಖಲೆಯ ಮೇಲೆ ನಿಮ್ಮ ಪಾಲು ನಿಂತಿದೆ ಗೆಳೆಯರೇ! ಘೋಷಣೆಯ ಮೇಲಲ್ಲ, ಹಾರತುರಾಯಿಯ ಮೇಲಲ್ಲ. ಮಳೆ ಪುಸ್ತಕ ಗಟ್ಟಿ ಇದ್ದವನಿಗೆ ಕೋರ್ಟಿನಲ್ಲಿ ದನಿ ಗಟ್ಟಿ.

ಈಗ ನಮ್ಮದೇ ಒಂದು ಲೆಕ್ಕ ಹಾಕೋಣ. ವಿಜಯಪುರ ಜಿಲ್ಲೆಯ ವಿಸ್ತಾರ ಸುಮಾರು 10,500 ಚದರ ಕಿಲೋಮೀಟರ್. ಮಳೆ 550 ಮಿಲಿಮೀಟರ್ ಎಂದೇ ಹಿಡಿಯಿರಿ. ಗುಣಿಸಿ ನೋಡಿ, ಸುಮಾರು 200 ಟಿಎಂಸಿ! ಅಲಮಟ್ಟಿ ಈಗಿನ ಮಟ್ಟಕ್ಕೆ ಭರ್ತಿಯಾದರೆ ಹಿಡಿಯುವುದು 123 ಟಿಎಂಸಿ. ಬರದ ಜಿಲ್ಲೆ ಎಂದು ನೀವು ಮೂಗೆಳೆಯುವ ನೆಲದ ಮೇಲೆ ವರ್ಷಕ್ಕೆ ಒಂದೂವರೆ ಅಲಮಟ್ಟಿಗಿಂತ ಹೆಚ್ಚು ನೀರು ಮುಗಿಲಿಂದ ಬೀಳುತ್ತದೆ. ಅಷ್ಟನ್ನೂ ಹಿಡಿದಿಡಲು ಆಗುವುದಿಲ್ಲ, ಹಿಡಿಯಲೂಬಾರದು. ಬಹುಪಾಲು ಬಿಸಿಲಿಗೆ ಆವಿ, ಬೆಳೆಗೆ ಆಹಾರ. ಆದರೆ ಓಡಿಹೋಗುವ ಪಾಲಿನಲ್ಲಿ ಒಂದಿಷ್ಟನ್ನು ನಡೆಸಿದರೆ, ನಿಲ್ಲಿಸಿದರೆ, ಇಂಗಿಸಿದರೆ ಡೋಣಿಯ ಕತೆಯೇ ಬೇರೆ.

ಸುಲ್ತಾನರಿಗೆ ಗೊತ್ತಿತ್ತು, ನಮಗೆ ಗೊತ್ತಿಲ್ಲ

ಇದು ಹೊಸ ಬುದ್ಧಿವಂತಿಕೆ ಅಲ್ಲ. ನೀವು ವಿಜಯಪುರಕ್ಕೆ ಹೋದರೆ ಗೋಲಗುಮ್ಮಟದಲ್ಲಿ ಏಳು ಸಲ ಕೂಗಿ, ಫೋಟೋ ತೆಗೆಸಿಕೊಂಡು ಬಸ್ ಹತ್ತುತ್ತೀರಿ. ಆದಿಲಶಾಹಿಗಳ ನಿಜವಾದ ಪವಾಡ ನೆಲದೊಳಗೆ ಇದೆ. ನಗರದ ಪಶ್ಚಿಮಕ್ಕೆ ತೊರವಿ ಕಡೆಯ ಎತ್ತರದ ನೆಲದ ನೀರನ್ನು ಸುರಂಗ ತೋಡಿ ಊರಿಗೆ ತಂದರು. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ದಕ್ಷಿಣಕ್ಕೆ 1651ರಲ್ಲಿ ಬೇಗಂ ತಾಲಾಬ್. ಕೊಳವೆಯ ಒತ್ತಡ ತಗ್ಗಿಸಲು, ಹೂಳು ಕೆಳಗೆ ಕೂರಿಸಲು ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳು. ಊರೊಳಗೆ 1579ರ ಚಾಂದ ಬಾವಡಿ, 1620ರ ತಾಜ ಬಾವಡಿ. ಬಬಲೇಶ್ವರ ಸೀಮೆಯ ಮಮದಾಪುರದಲ್ಲಿ ಮುಹಮ್ಮದ್ ಆದಿಲಶಾಹನ ಕಾಲದ ದೊಡ್ಡ ಕೆರೆ. ಮಳೆನೆರಳಿನಲ್ಲಿ ಒಂದು ಸಾಮ್ರಾಜ್ಯದ ರಾಜಧಾನಿ ನಡೆಸಿದವರು ಇವರು. ಕೃಷ್ಣೆಗೆ ಕೈಚಾಚಿ ಅಲ್ಲ, ತಲೆ ಮೇಲೆ ಬಿದ್ದ ಮಳೆ ಹಿಡಿದು!

ನಾವು ಏನು ಮಾಡಿದೆವು? ನಲ್ಲಿಯಲ್ಲಿ ಕೃಷ್ಣೆಯ ನೀರು ಬಂದದ್ದೇ ತಡ, ಬಾವಡಿಗಳನ್ನು ತಿಪ್ಪೆ ಮಾಡಿದೆವು. ತಾಜ ಬಾವಡಿಯ ಹೂಳೆತ್ತಿ ಕಣ್ಣು ಬಿಡಿಸಿದ್ದು ಈಚಿನ ಮಾತು. ಮಾಡಿದವರಿಗೆ ಶಹಬ್ಬಾಸ್. ಆದರೆ ಒಂದು ಬಾವಡಿಗೆ ಸುಣ್ಣ ಬಳಿದು ಉಳಿದ ಬಾವಿಗಳನ್ನು ಮರೆತರೆ ಅದು ಕಣ್ಣೊರೆಸುವ ತಂತ್ರ.

ನೀರು ಬಂತು, ಜೊತೆಗೆ ಸವಳೂ ಬಂದೀತು!

ಈಗ ಕಹಿ ಮಾತು. ನಮ್ಮವರಿಗೂ ಹಿಡಿಸದ ಮಾತು.

ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿ ಬಂದಿವೆ. ಹೊಳೆ ಕೆಳಗೆ, ಹೊಲ ಮೇಲೆ. ವಿಜಯಪುರ ನಗರ ಅಲಮಟ್ಟಿಯ ನೀರಿಗಿಂತ ಎಪ್ಪತ್ತು ಮೀಟರಿನಷ್ಟು ಎತ್ತರ. ಆ ಎತ್ತರಕ್ಕೆ ನೀರು ಎತ್ತಿ ಕೆರೆ ತುಂಬಿಸುತ್ತಿದ್ದಾರೆ. ತಿಡಗುಂದಿಯಲ್ಲಿ 14 ಕಿಲೋಮೀಟರಿಗೂ ಉದ್ದದ ಮೇಲ್ಗಾಲುವೆ ನಿಂತಿದೆ. ಟ್ಯಾಂಕರ್ ನೀರು ಹಾಕಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ತಿಕೋಟಾದ ರೈತನಿಗೆ ಇದರ ಬೆಲೆ ಗೊತ್ತು. ಯಾರೂ ಇದನ್ನು ಹೀಗಳೆಯಬಾರದು. 2022ರ ಕೊನೆಯಲ್ಲಿ ತುಬಚಿ ಯೋಜನೆಯ ನೀರು ಗಡಿಯಾಚೆ ಜತ್ತದ ತಿಕ್ಕುಂಡಿ ಕೆರೆಗೂ ಹರಿಯಿತು. ಗಡಿಯಾಚೆಯ ಕನ್ನಡಿಗರು ಬಾಗಿನ ಅರ್ಪಿಸುವ ಹಾಗಾಯಿತು. ಗಡಿ ತಕರಾರು ಎಷ್ಟೇ ಇರಲಿ, ಇಳಿಜಾರಿಗೆ ಗಡಿ ಗೊತ್ತಿಲ್ಲ.

ಆದರೆ ಕೇಳಿ. ಎರಿ ಮಣ್ಣಿನಲ್ಲಿ ಉಪ್ಪಿದೆ. ಡೋಣಿಯ ನೀರು ಉಪ್ಪು ಅನ್ನುವುದು ಬ್ರಿಟಿಷರ ಕಾಲದಿಂದಲೂ ದಾಖಲಾದ ಸಂಗತಿ. ಮಳೆ ಕಡಿಮೆ ಬೀಳುವ ನೆಲದಲ್ಲಿ ಉಪ್ಪು ತೊಳೆದು ಹೋಗುವುದಿಲ್ಲ. ಬಿಸಿಲು ನೀರನ್ನು ಮೇಲಕ್ಕೆ ಎಳೆದುಕೊಂಡಾಗ ಉಪ್ಪೂ ಮೇಲೆ ಬಂದು ಬೆಳ್ಳಗೆ ಕೂರುತ್ತದೆ. ಇಂಥ ನೆಲಕ್ಕೆ ಕಾಲುವೆ ನೀರು ಬಿಟ್ಟು, ಬಸಿದು ಹೋಗಲು ದಾರಿ ಕೊಡದೆ, ಕಬ್ಬು ಹಚ್ಚಿ ದಿನವೂ ನೀರು ನಿಲ್ಲಿಸಿದರೆ ಏನಾಗುತ್ತದೆ? ಅಥಣಿ, ರಾಯಬಾಗ, ಜಮಖಂಡಿ ಕಡೆಯ ಹೊಳೆಸಾಲಿನ ರೈತರನ್ನು ಕೇಳಿ. ಸವಳು ಜವಳು ಅನ್ನುತ್ತಾರೆ. ಒಂದು ಕಾಲಕ್ಕೆ ಬಂಗಾರ ಬೆಳೆದ ಹೊಲ, ಈಗ ಹುಲ್ಲೂ ಹುಟ್ಟದ ಹೊಲ.

ನೀರು ತರುವುದು ಅರ್ಧ ಕೆಲಸ. ನೀರು ಹೊರಗೆ ಹೋಗುವ ದಾರಿಯೇ ಇನ್ನರ್ಧ. ಈ ಸೀಮೆಯಲ್ಲಿ ಹೆಚ್ಚಾದ ನೀರು ಹೊರಗೆ ಹೋಗುವ ಹೆದ್ದಾರಿ ಯಾವುದು? ಅದೇ ಡೋಣಿ! ಹೂಳು ತುಂಬಿ, ಜಾಲಿ ಬೆಳೆದು, ಉಸಿರು ಕಟ್ಟಿ ಬಿದ್ದಿರುವ ಡೋಣಿ. ಕೃಷ್ಣೆಯನ್ನು ತಂದು ಡೋಣಿಯ ಬಾಯಿ ಕಟ್ಟಿದರೆ ಮುಂದಿನ ಪೀಳಿಗೆಗೆ ನಾವು ಬಿಟ್ಟುಹೋಗುವುದು ಉಪ್ಪಿನ ಬಯಲು. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ನೂರು ಜನ ಸಾಲು ನಿಲ್ಲುತ್ತಾರೆ. ಹೂಳೆತ್ತಿದ ಹೊಳೆಗೆ ಕಲ್ಲು ನೆಡುವ ಪದ್ಧತಿ ಇಲ್ಲವಲ್ಲ, ಅದಕ್ಕೇ ಯಾರೂ ಬರುವುದಿಲ್ಲ!

ಬರೀ ಹೂಳೆತ್ತಿದರೂ ಸಾಲದು. ಹೊಲದಲ್ಲಿ ಒಡ್ಡು ಹಾಕದೆ ಹೊಳೆಯಲ್ಲಿ ಜೆಸಿಬಿ ಆಡಿಸಿದರೆ ನಾಲ್ಕು ಮಳೆಗೆ ಮತ್ತೆ ಅದೇ ಹೂಳು, ಮತ್ತೆ ಅದೇ ಟೆಂಡರು. ಗುತ್ತಿಗೆದಾರನಿಗೆ ಹಬ್ಬ. ಮಣ್ಣನ್ನು ಹೊಲದಲ್ಲೇ ತಡೆಯಬೇಕು. ಸಮಪಾತಳಿ ಒಡ್ಡು ಹಾಕಿ ಒಣಬೇಸಾಯ ಮಾಡುವ ವಿದ್ಯೆಗೆ 1930ರ ದಶಕದಲ್ಲೇ ಬಿಜಾಪುರದಲ್ಲಿ ಸಂಶೋಧನಾ ಕೇಂದ್ರ ಬಂತು. ತೊಂಬತ್ತು ವರ್ಷದ ವಿದ್ಯೆ ಕೈಯಲ್ಲಿದೆ. ಇಲ್ಲದಿರುವುದು ಮನಸ್ಸು.

ಹಾಗಾದರೆ ಏನು ಮಾಡಬೇಕು?

ಸರ್ಕಾರಕ್ಕೆ ಹೇಳಬೇಕಾದದ್ದು ನಾಲ್ಕು. ಒಂದು, ಅಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸುವ ಹಕ್ಕನ್ನು ದಿಲ್ಲಿಯಲ್ಲಿ ಕೊರಳೆತ್ತಿ ಕೇಳಿ, ಆದರೆ ಮುಳುಗುವ ಊರಿನವನಿಗೆ ಮೊದಲು ಪರಿಹಾರ ಕೊಟ್ಟು ಆಮೇಲೆ ನೀರು ನಿಲ್ಲಿಸಿ. ಎರಡು, ಮಳೆಗಾಲದಲ್ಲಿ ಎರಡೂ ರಾಜ್ಯದ ಎಂಜಿನಿಯರುಗಳು ತಾಸುತಾಸಿಗೆ ಮಾತಾಡಲಿ, ಸಾಂಗಲಿಯೂ ಮುಳುಗದಿರಲಿ, ಜಮಖಂಡಿಯೂ ಮುಳುಗದಿರಲಿ. ಮೂರು, ಡೋಣಿಗೆ ಜತ್ತದ ನೆತ್ತಿಯಿಂದ ಕೃಷ್ಣೆಯ ಸಂಗಮದವರೆಗೆ ಒಂದೇ ಯೋಜನೆ ಬೇಕು: ಹೊಲಕ್ಕೆ ಒಡ್ಡು, ಹಳ್ಳಕ್ಕೆ ಬಾಂದಾರ, ಹೊಳೆಗೆ ಹೂಳೆತ್ತುವ ಕೆಲಸ, ಈ ಕ್ರಮದಲ್ಲಿ. ನಾಲ್ಕು, ಏತ ನೀರಾವರಿಯ ಪ್ರತಿ ಕಾಲುವೆಯ ಜೊತೆಗೆ ಬಸಿಗಾಲುವೆ. ಬಸಿಗಾಲುವೆ ಇಲ್ಲದ ಕಾಲುವೆಗೆ ಉದ್ಘಾಟನೆಯೇ ಬೇಡ.

ಇನ್ನು ನಿಮಗೆ. ಹೌದು, ನಿಮಗೇ! ಮುಂದಿನ ಸೆಪ್ಟೆಂಬರ್‌ನಲ್ಲಿ ನಾಲ್ಕು ಗೆಳೆಯರು ಸೇರಿ ವಿಜಯಪುರಕ್ಕೆ ರೈಲು ಹತ್ತಿ. ಗುಮ್ಮಟ ನೋಡಿ, ಬೇಡ ಅನ್ನುವುದಿಲ್ಲ. ಆಮೇಲೆ ಬಬಲೇಶ್ವರದ ಬಸ್ ಹಿಡಿದು ಸಾರವಾಡದ ಸೇತುವೆಯ ಬಳಿ ಇಳಿಯಿರಿ. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಅರ್ಧ ದಿನ ಕೂರಿ. ಬಾವಿ ಎಷ್ಟು ಆಳ, ನೀರು ಸಿಹಿಯೋ ಸವಳೋ, ಯಾವ ಮಳೆಗೆ ಹೊಳೆ ಬಂತು ಎಂದು ಕೇಳಿ. ಎರಿ, ಮಸಾರಿ, ಮಡ್ಡಿ, ಸವಳು, ಜವಳು: ಈ ಒಂದೊಂದು ಕನ್ನಡ ಮಾತಿನಲ್ಲೂ ನೆಲದ ಒಂದೊಂದು ಅಧ್ಯಾಯವಿದೆ. ಈ ಮಾತು ಮರೆತರೆ ನೆಲದ ಲೆಕ್ಕವೂ ಮರೆಯುತ್ತದೆ. ಪ್ರತಿ ಗ್ರಾಮ ಪಂಚಾಯಿತಿಗೂ ಮಳೆಮಾಪಕ ಇಟ್ಟ ರಾಜ್ಯ ನಮ್ಮದು. ಆ ಅಂಕಿ ಶಾಲೆಯ ಕರಿಹಲಗೆಯ ಮೇಲೆ ದಿನವೂ ಬರೆಯುವಂತೆ ನಿಮ್ಮ ಊರಿನ ಮೇಷ್ಟರಿಗೆ ಹೇಳಿ. ಹುಡುಗರು ಮಳೆ ಎಣಿಸುತ್ತ ಬೆಳೆಯಲಿ. ಮುಂದಿನ ನ್ಯಾಯಮಂಡಳಿಯ ಮುಂದೆ ನಿಲ್ಲುವ ಕನ್ನಡಿಗ ಆ ಶಾಲೆಯಿಂದಲೇ ಬರಲಿ.

ನದಿ ನಮ್ಮದು ಎಂದು ಕೂಗುವ ಮೊದಲು ನದಿಯ ಮಳೆ ಯಾವುದು, ನದಿಯ ಮಣ್ಣು ಯಾವುದು ಎಂದು ತಿಳಿದವನಿಗೆ ಮಾತ್ರ ಆ ಕೂಗಿನ ಹಕ್ಕಿದೆ. ಕಾವೇರಿಗೆ ಕೂಗಿದ ಗಂಟಲಲ್ಲಿ ಇನ್ನೂ ಕಸುವಿದ್ದರೆ, ಗೆಳೆಯರೇ, ಈ ಸಲ ಡೋಣಿಯ ಹೆಸರು ಹಿಡಿದು ಕೂಗಿ. ಅದಕ್ಕೂ ಮೊದಲು ಅದರ ದಂಡೆಯ ಮೇಲೆ ಒಮ್ಮೆ ನಿಂತು ಬನ್ನಿ.